ತೇಜೆ: ಅತಿಥಿಗಳೇ ಆತಿಥೇಯರಾಗುವ ಗುಡ್ಡ

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ತೇಜೆಗೆ ಹೋಗುವ ಬಸ್ಸು ಕ್ಲೂನಿಯನ್ನು ಹಾದು ಹೋಗುತ್ತದೆ. ಕ್ರಿ.ಶ. 910ರಲ್ಲಿ ಕ್ಲೂನಿಯಲ್ಲೊಂದು ಕ್ರೈಸ್ತ ಮಠ ಹುಟ್ಟಿತು. ಮುಂದೆ ಯುರೋಪಿನ ಉದ್ದಗಲಕ್ಕೂ ಅದರ ಶಾಖೆಗಳು ಬೆಳೆದವು. ರೋಮಿನಲ್ಲಿ ಈಗಿರುವ ಸಂತ ಪೇತ್ರರ ಮಹಾದೇವಾಲಯ ಏಳುವ ತನಕ ಕ್ರೈಸ್ತ ಜಗತ್ತಿನಲ್ಲೇ ಅತಿ ದೊಡ್ಡ ದೇವಾಲಯವೆಂಬ ಹೆಸರು ಕ್ಲೂನಿಯದಾಗಿತ್ತು. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಕೆಡವಿ ಕಲ್ಲುಗಳನ್ನು ಮಾರಿದರು. ಇಂದು ಉಳಿದಿರುವುದು ಒಂದು ಪಾಲು ಮಾತ್ರ. ಆ ಪಾಲಿನ ಕೆಳಗೆ ನಿಂತು ಕತ್ತೆತ್ತಿದರೂ ಎದೆ ಝಲ್ಲೆನ್ನುತ್ತದೆ. ಇಡಿಯಾಗಿದ್ದಾಗ ಅದು ಹೇಗಿತ್ತೆಂದು ಊಹಿಸಲೂ ಕಷ್ಟ.

ಅಲ್ಲಿಂದ ಹತ್ತು ಕಿಲೋಮೀಟರ್ ಉತ್ತರಕ್ಕೆ ತೇಜೆ. ಬಿಳಿ ದನಗಳು ಮೇಯುವ ಹುಲ್ಲುಗಾವಲು, ಇಳಿಜಾರಿನ ದ್ರಾಕ್ಷಿ ತೋಟ, ಹಳದಿ ಕಲ್ಲಿನ ಮನೆಗಳು. ಗುಡ್ಡದ ನೆತ್ತಿಯ ಈ ಹಳ್ಳಿಯಲ್ಲಿ ನೋಡಲು ಹೆಸರಾಂತ ಕಟ್ಟಡವೇನೂ ಇಲ್ಲ. ಆದರೂ ಬೇಸಿಗೆಯ ಒಂದೊಂದು ವಾರವೂ ಇಲ್ಲಿಗೆ ಸಾವಿರಾರು ಯುವಕ ಯುವತಿಯರು ಬರುತ್ತಾರೆ. ಪೋರ್ಚುಗಲ್‌ನಿಂದ, ಪೋಲೆಂಡ್‌ನಿಂದ, ಸ್ವೀಡನ್‌ನಿಂದ, ಉಕ್ರೇನ್‌ನಿಂದ, ಕೊರಿಯಾದಿಂದ ಬೆನ್ನಿಗೆ ಚೀಲ ಹೊತ್ತು ಬಂದು ಬಸ್ಸಿನಿಂದ ಇಳಿಯುವ ಆ ಮುಖಗಳನ್ನು ನೋಡುತ್ತಾ, ಇವರನ್ನೆಲ್ಲ ಇಷ್ಟು ದೂರ ಎಳೆದು ತಂದದ್ದೇನು ಎಂಬ ಬೆರಗಿನಲ್ಲೇ ನಾನೂ ಗುಡ್ಡ ಹತ್ತಿದೆ.

ಸೈಕಲ್ಲಿನಲ್ಲಿ ಬಂದವರು

ತೇಜೆಯ ಕಥೆ ಆರಂಭವಾಗುವುದು 1940ರ ಆಗಸ್ಟಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಸೋತು ಎರಡು ತುಂಡಾಗಿತ್ತು. ಅರ್ಧಕ್ಕಿಂತ ಹೆಚ್ಚು ದೇಶ ನೇರವಾಗಿ ಜರ್ಮನ್ ಸೇನೆಯ ಕೈಯಲ್ಲಿತ್ತು. ಆ ಎರಡು ಭಾಗಗಳ ನಡುವಿನ ಗಡಿರೇಖೆಗೆ ಹತ್ತಿರದಲ್ಲೇ ಇದ್ದ ಈ ಹಳ್ಳಿಗೆ ಸ್ವಿಟ್ಜರ್ಲೆಂಡಿನ ಜಿನೀವಾದಿಂದ ಸೈಕಲ್ ತುಳಿಯುತ್ತಾ ಒಬ್ಬ ತರುಣ ಬಂದರು. ಹೆಸರು ರೋಜೆ ಶೂಟ್ಸ್, ವಯಸ್ಸು ಇಪ್ಪತ್ತೈದು. ತಂದೆ ಪ್ರೊಟೆಸ್ಟೆಂಟ್ ಸಭೆಯ ಪಾಸ್ಟರ್. ತಾಯಿಯ ತಾಯಿ, ಅಂದರೆ ಫ್ರಾನ್ಸಿನ ಅಜ್ಜಿ, ಮೊದಲನೆಯ ಮಹಾಯುದ್ಧದಲ್ಲಿ ಗುಂಡು ಹಾರುವ ಸೀಮೆಯಲ್ಲೇ ಉಳಿದು ನಿರಾಶ್ರಿತರಿಗೆ ಮನೆಯ ಬಾಗಿಲು ತೆರೆದಿದ್ದರು. ಕ್ರೈಸ್ತರು ಕ್ರೈಸ್ತರನ್ನೇ ಕೊಲ್ಲುವ ಈ ಯುರೋಪಿನಲ್ಲಿ ಕನಿಷ್ಠ ಕ್ರೈಸ್ತರಾದರೂ ಒಂದಾಗಬೇಕೆಂದು ಆ ಅಜ್ಜಿ ಹಂಬಲಿಸುತ್ತಿದ್ದರು. ಮೊಮ್ಮಗ ಆ ಹಂಬಲವನ್ನು ಬದುಕಾಗಿಸಲು ಹೊರಟಿದ್ದರು.

ಮನೆಯೊಂದನ್ನು ಹುಡುಕುತ್ತಾ ಬಂದ ಅವರಿಗೆ ತೇಜೆಯ ಮುದುಕಿಯೊಬ್ಬರು ಊಟ ಹಾಕಿದರು. ಇಲ್ಲಿ ನಾವು ತೀರಾ ಒಂಟಿಯಾಗಿದ್ದೇವೆ, ನೀನು ಇಲ್ಲೇ ಇದ್ದುಬಿಡು ಎಂದು ಕೇಳಿಕೊಂಡರು. ಬಡ ಹಳ್ಳಿಯ ಆ ಒಂದು ಮಾತು ರೋಜೆಗೆ ದೇವರ ಕರೆಯಂತೆ ಕೇಳಿಸಿತು. ಸಾಲ ಮಾಡಿ ಅಲ್ಲೇ ಹಳೆಯ ಮನೆಯೊಂದನ್ನು ಕೊಂಡರು. ಮುಂದಿನ ಎರಡು ವರ್ಷ ಆ ಮನೆ ಯುದ್ಧದಿಂದ ಓಡಿಬಂದವರ ಅಡಗುತಾಣವಾಯಿತು. ಅವರಲ್ಲಿ ಅನೇಕರು ಯೆಹೂದ್ಯರು. ಮನೆಗೆ ನಲ್ಲಿಯಿರಲಿಲ್ಲ, ಊರ ಬಾವಿಯಿಂದ ನೀರು ಹೊತ್ತು ತರಬೇಕಿತ್ತು. ಊಟಕ್ಕೆ ಗಂಜಿಯಂಥ ಸೂಪು. ಆಶ್ರಯ ಪಡೆದ ಯಾರಿಗೂ ಮುಜುಗರವಾಗಬಾರದೆಂದು ರೋಜೆ ಪ್ರಾರ್ಥನೆಯನ್ನು ಒಬ್ಬರೇ ಮಾಡುತ್ತಿದ್ದರು, ಎಷ್ಟೋ ಸಲ ಮನೆಯಿಂದ ದೂರ, ಕಾಡಿಗೆ ಹೋಗಿ ಹಾಡುತ್ತಿದ್ದರು. ಈ ಒಂದು ಸಂಗತಿಯನ್ನು ಕೇಳಿದಾಗ ನನಗೆ ಉಂಟಾದ ಗೌರವ ಅಷ್ಟಿಷ್ಟಲ್ಲ. ಭಕ್ತಿಯನ್ನು ಪ್ರದರ್ಶಿಸುವುದಕ್ಕಿಂತ ಅತಿಥಿಯ ಮನಸ್ಸನ್ನು ಕಾಯುವುದು ದೊಡ್ಡದೆಂದು ಆ ತರುಣ ಅರಿತಿದ್ದರು.

1942ರ ಶರತ್ಕಾಲದಲ್ಲಿ ಗುಟ್ಟು ಬಯಲಾಯಿತು. ತಕ್ಷಣ ಹೊರಡಿರೆಂಬ ಸೂಚನೆ ಬಂದು ಅವರು ಜಿನೀವಾಕ್ಕೆ ಮರಳಿದರು. 1944ರಲ್ಲಿ ಮತ್ತೆ ತೇಜೆಗೆ ಬಂದಾಗ ಜತೆಗೆ ಕೆಲವು ಸಂಗಡಿಗರಿದ್ದರು. ಈಗ ಸೋತವರು ಜರ್ಮನ್ನರು. ಹತ್ತಿರದ ಶಿಬಿರದಲ್ಲಿ ಜರ್ಮನ್ ಯುದ್ಧ ಕೈದಿಗಳಿದ್ದರು. ಮೊನ್ನೆ ಮೊನ್ನೆಯವರೆಗೆ ಜರ್ಮನ್ ಸೈನಿಕರಿಂದ ಓಡಿಬಂದವರಿಗೆ ಅನ್ನವಿಟ್ಟ ಅದೇ ಮನೆ, ಅನುಮತಿ ಪಡೆದು, ಭಾನುವಾರಗಳಂದು ಆ ಕೈದಿಗಳನ್ನು ಕರೆದು ಊಟಕ್ಕೆ ಕೂರಿಸಿತು. ಇನ್ನೊಂದೆಡೆ, ಯುದ್ಧದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗರಿಗೆ ಒಂದು ನೆಲೆ ಬೇಕಾಗಿತ್ತು. ರೋಜೆಯವರ ಅಕ್ಕ ಜೆನೆವಿಯೆವ್ ಬಂದು ಅವರಿಗೆ ತಾಯಿಯಾದರು. ತಾತ್ಕಾಲಿಕವೆಂದು ಬಂದವರು ಜೀವಮಾನವಿಡೀ ಅಲ್ಲೇ ಉಳಿದರು.

1949ರ ಈಸ್ಟರ್ ಭಾನುವಾರ ಏಳು ಮಂದಿ ಸೋದರರು ಬ್ರಹ್ಮಚರ್ಯ, ಸರಳ ಬದುಕು ಮತ್ತು ಸಹಬಾಳ್ವೆಯ ಪ್ರತಿಜ್ಞೆ ಸ್ವೀಕರಿಸಿದರು. ಮೊದಲು ಎಲ್ಲರೂ ಪ್ರೊಟೆಸ್ಟೆಂಟರೇ. 1969ರಿಂದ ಕಥೋಲಿಕರೂ ಸೇರಿದರು. ಇಂದು ಸುಮಾರು ಮೂವತ್ತು ದೇಶಗಳಿಂದ ಬಂದ, ಬೇರೆ ಬೇರೆ ಸಭೆಗಳಿಗೆ ಸೇರಿದ ಸೋದರರು ಒಂದೇ ಸೂರಿನಡಿ ಬಾಳುತ್ತಾರೆ. ಶತಮಾನಗಳ ಕಾಲ ರಕ್ತ ಹರಿಸಿದ ಪಂಗಡಗಳ ಮಕ್ಕಳು ಇಲ್ಲಿ ಒಂದೇ ಪಾತ್ರೆಯ ಸೂಪನ್ನು ಹಂಚಿಕೊಳ್ಳುತ್ತಾರೆ.

ಕೈಗೆ ಮೊದಲು ಬಂದದ್ದು ಕೆಲಸ

ಸ್ವಾಗತದ ಜಾಗದಲ್ಲಿ ನಮ್ಮನ್ನು ಎದುರುಗೊಂಡವರೂ ನಮ್ಮ ಹಾಗೆಯೇ ಹೊರಗಿನಿಂದ ಬಂದವರು. ಕೆಲವರು ಒಂದು ವಾರ ಮೊದಲು ಬಂದವರು, ಕೆಲವರು ತಿಂಗಳುಗಟ್ಟಲೆ ಸ್ವಯಂಸೇವೆಗೆ ನಿಂತವರು. ಬಿಸಿ ಚಹಾ ಕೊಟ್ಟರು, ಮಲಗುವ ಜಾಗ ತಿಳಿಸಿದರು, ಆಮೇಲೆ ಕೇಳಿದ ಪ್ರಶ್ನೆಯೇ ಈ ಊರಿನ ಜೀವಾಳ: ನೀವು ಯಾವ ಕೆಲಸ ಮಾಡುತ್ತೀರಿ? ತರಕಾರಿ ಹೆಚ್ಚುವುದು, ಬಡಿಸುವುದು, ಪಾತ್ರೆ ತೊಳೆಯುವುದು, ಪಾಯಿಖಾನೆ ತೊಳೆಯುವುದು, ಕಸ ಗುಡಿಸುವುದು, ಹೊಸಬರಿಗೆ ದಾರಿ ತೋರಿಸುವುದು. ಸಾವಿರಾರು ಜನರ ಈ ಬಿಡಾರಕ್ಕೆ ಸಂಬಳದ ಆಳುಗಳ ದಂಡು ಇಲ್ಲ. ಬಂದವರೇ ಬಂದವರನ್ನು ನೋಡಿಕೊಳ್ಳುತ್ತಾರೆ.

ನನ್ನ ಪಾಲಿಗೆ ಬಂದದ್ದು ಪಾತ್ರೆ ತೊಳೆಯುವ ಗುಂಪು. ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ನೊರೆ ನೀರು, ಗುಡ್ಡೆ ಬಿದ್ದ ಬಟ್ಟಲುಗಳು. ಒಂದು ಪಕ್ಕದಲ್ಲಿ ಲಿಥುವೇನಿಯಾದ ವಿದ್ಯಾರ್ಥಿನಿ, ಇನ್ನೊಂದು ಪಕ್ಕದಲ್ಲಿ ಜರ್ಮನಿಯ ಬಡಗಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರೆಬರೆ. ಯಾರೋ ಹಾಡು ಎತ್ತಿಕೊಂಡರು, ಉಳಿದವರು ಸೇರಿದರು, ಬಟ್ಟಲುಗಳು ಕೈಯಿಂದ ಕೈಗೆ ಸಾಗಿದವು. ತನ್ನೂರಿನಲ್ಲಿ ಭಾನುವಾರದ ಚರ್ಚಿಗೆ ಬರುವವರು ನಾಲ್ಕೈದು ಮುದುಕರು ಮಾತ್ರ, ವಿಶ್ವಾಸವೆಂಬುದು ತನಗೊಬ್ಬಳಿಗೇ ಉಳಿದಿರುವ ಹಳೆಯ ಅಭ್ಯಾಸವೇನೋ ಎಂಬ ಭಯ ತನಗಿತ್ತು ಎಂದು ಆ ಹುಡುಗಿ ಹೇಳಿದಳು. "ಇಲ್ಲಿ ನೋಡಿ, ಪಾತ್ರೆ ತೊಳೆಯುವುದಕ್ಕೂ ಜಾಗವಿಲ್ಲದಷ್ಟು ಜನ!" ಎಂದು ನಕ್ಕಳು. ಆ ನಗುವಿನಲ್ಲಿ ಒಂಟಿತನ ಕಳಚಿ ಬಿದ್ದ ಹಗುರವಿತ್ತು.

ಊಟವೂ ಹಾಗೆಯೇ ಸರಳ. ಬೆಳಿಗ್ಗೆ ಬ್ರೆಡ್, ಬೆಣ್ಣೆ, ಚಾಕೊಲೇಟಿನ ತುಂಡು, ಹಿಡಿಯಿಲ್ಲದ ಬಟ್ಟಲಿನಲ್ಲಿ ಚಹಾ. ಮಧ್ಯಾಹ್ನ, ರಾತ್ರಿ ಒಂದೇ ತಟ್ಟೆಯಲ್ಲಿ ಬೇಯಿಸಿದ ಅಡುಗೆ, ಕೈಗೊಂದು ಚಮಚ. ಉದ್ದ ಸಾಲಿನಲ್ಲಿ ನಿಂತು, ಹಾಡಿನ ಮೂಲಕ ದೇವರಿಗೆ ವಂದಿಸಿ, ಹುಲ್ಲಿನ ಮೇಲೋ ಬೆಂಚಿನ ಮೇಲೋ ಕೂತು ಉಣ್ಣಬೇಕು. ವಾರದ ಖರ್ಚಿಗೆ ಎಲ್ಲರಿಂದಲೂ ಒಂದೇ ಮೊತ್ತ ಕೇಳುವುದಿಲ್ಲ. ಬಡ ದೇಶದಿಂದ ಬಂದವರು ಕಡಿಮೆ ಕೊಡುತ್ತಾರೆ, ಸಿರಿವಂತ ದೇಶದವರು ಹೆಚ್ಚು. ಸೋದರರಂತೂ ತಮ್ಮ ಜೀವನಕ್ಕಾಗಿ ಯಾರಿಂದಲೂ ದಾನ ಪಡೆಯುವುದಿಲ್ಲ. ಮನೆಯಿಂದ ಬಂದ ಪಿತ್ರಾರ್ಜಿತವನ್ನೂ ಇಟ್ಟುಕೊಳ್ಳದೆ ಬಡವರಿಗೆ ಕಳಿಸುತ್ತಾರೆ. ಮಣ್ಣಿನ ಪಾತ್ರೆ ಮಾಡಿ, ಪುಸ್ತಕ ಬರೆದು, ದುಡಿದದ್ದರಲ್ಲೇ ಬದುಕುತ್ತಾರೆ. ಕಾಯಕ, ದಾಸೋಹ ಎಂಬ ಮಾತುಗಳನ್ನು ಎಳವೆಯಿಂದ ಕೇಳಿ ಬೆಳೆದ ಕನ್ನಡಿಗರಿಗೆ ಈ ಗುಡ್ಡ ಹೊರಗಿನದೆನಿಸುವುದಿಲ್ಲ. ದುಡಿಯದೆ ಉಣ್ಣಬಾರದು, ಹಂಚದೆ ಉಣ್ಣಬಾರದು ಎಂಬ ನಮ್ಮ ಶರಣರ ನಿಲುವು ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಯೇಸುವಿನ ಹೆಸರಿನಲ್ಲಿ ಬಾಳುತ್ತಿರುವುದನ್ನು ಕಂಡು ನನ್ನ ಮನಸ್ಸು ತುಂಬಿ ಬಂತು.

ನೆಲದ ಮೇಲೆ ಕೂತ ಯುರೋಪು

ದಿನಕ್ಕೆ ಮೂರು ಸಲ ಗಂಟೆಗಳು ಮೊಳಗುತ್ತವೆ. ಆಗ ಅಡುಗೆಮನೆಯಿಂದ, ಡೇರೆಗಳಿಂದ, ಹೊಲದ ದಾರಿಗಳಿಂದ ಜನ ಹೊಳೆಯಾಗಿ ದೇವಾಲಯದತ್ತ ಹರಿಯುತ್ತಾರೆ. ಈ ದೇವಾಲಯದ ಹೆಸರೇ ಸಂಧಾನದ ದೇವಾಲಯ. ನಾತ್ಸಿಗಳು ಎಸಗಿದ ಪಾತಕಗಳಿಗೆ ಪ್ರಾಯಶ್ಚಿತ್ತವಾಗಿ ಜರ್ಮನ್ನರು ತಮ್ಮ ಬೆವರು ಸುರಿಸಬೇಕೆಂದು 1958ರಲ್ಲಿ ಜರ್ಮನಿಯಲ್ಲಿ ಒಂದು ಸಂಘಟನೆ ಹುಟ್ಟಿತ್ತು. ಆ ಸಂಘಟನೆಯ ತರುಣರೇ ಫ್ರಾನ್ಸಿನ ಈ ಗುಡ್ಡಕ್ಕೆ ಬಂದು ಗೋಡೆ ಎಬ್ಬಿಸಿದರು. 1962ರ ಆಗಸ್ಟಿನಲ್ಲಿ ಅದು ಪ್ರಾರ್ಥನೆಗೆ ತೆರೆಯಿತು. ಅಪ್ಪಂದಿರು ಸುಟ್ಟ ದೇಶದಲ್ಲಿ ಮಕ್ಕಳು ಕಟ್ಟಿದ ಗುಡಿ ಅದು.

ಇಷ್ಟು ದೊಡ್ಡ ಕಟ್ಟಡವೇಕೆ, ತುಂಬುವುದುಂಟೇ ಎಂಬ ಅನುಮಾನ ಸೋದರರಿಗೇ ಇತ್ತು. ಒಂಬತ್ತು ವರ್ಷ ಕಳೆಯುವುದರೊಳಗೆ ಜಾಗ ಸಾಲದಾಯಿತು. 1971ರ ಈಸ್ಟರ್ ಹೊತ್ತಿಗೆ ಸೋದರರು ಮುಂಬದಿಯ ಗೋಡೆಯನ್ನೇ ಕೆಡವಿ, ಅದಕ್ಕೆ ದೊಡ್ಡ ಡೇರೆಯೊಂದನ್ನು ಜೋಡಿಸಿ, ಬಂದವರನ್ನೆಲ್ಲ ಒಳಗೆ ಸೇರಿಸಿಕೊಂಡರು. ಕ್ಲೂನಿಯ ಗೋಡೆಗಳು ಬಿದ್ದದ್ದು ಕಲ್ಲಿನ ಮಾರಾಟಕ್ಕಾಗಿ. ತೇಜೆಯ ಗೋಡೆ ಬಿದ್ದದ್ದು ಜನ ಹೆಚ್ಚಾದದ್ದರಿಂದ. ಹತ್ತು ಕಿಲೋಮೀಟರ್ ಅಂತರದ ಈ ಎರಡು ಗೋಡೆಗಳ ಕಥೆಯನ್ನು ಒಟ್ಟಿಗೆ ನೆನೆದಾಗ ನನಗೆ ರೋಮಾಂಚನವಾಯಿತು.

ಒಳಗೆ ಕುರ್ಚಿಗಳಿಲ್ಲ. ಗೋಡೆಯಂಚಿನಲ್ಲಿ ವಯಸ್ಸಾದವರಿಗೆ ಒಂದಿಷ್ಟು ಆಸನ, ಉಳಿದಂತೆ ಎಲ್ಲರೂ ನೆಲದ ಮೇಲೆ. ಬಿಳಿ ನಿಲುವಂಗಿ ತೊಟ್ಟ ಸೋದರರು ನಡುವಿನ ಸಾಲಿನಲ್ಲಿ ಮಂಡಿಯೂರುತ್ತಾರೆ. ಎದುರಿಗೆ ಕಿತ್ತಳೆ ಬಣ್ಣದ ಉದ್ದನೆಯ ಬಟ್ಟೆಗಳು, ಅವುಗಳ ಬುಡದಲ್ಲಿ ಇಟ್ಟಿಗೆಗಳೊಳಗೆ ಉರಿಯುವ ನೂರಾರು ಹಣತೆಗಳು. ವೇದಿಕೆಯ ಮೇಲೆ ನಿಂತು ಉಪದೇಶ ಮಾಡುವವರು ಯಾರೂ ಇಲ್ಲ. ಒಂದೆರಡು ಸಾಲಿನ ಹಾಡು, ಅದೇ ಸಾಲು ಮತ್ತೆ ಮತ್ತೆ, ಎದೆಯೊಳಗೆ ಇಳಿಯುವ ತನಕ. ಒಂದು ಹಾಡು ಲ್ಯಾಟಿನ್‌ನಲ್ಲಿ, ಇನ್ನೊಂದು ಪೋಲಿಷ್‌ನಲ್ಲಿ, ಮತ್ತೊಂದು ಸ್ಪ್ಯಾನಿಷ್‌ನಲ್ಲಿ. ಫ್ರೆಂಚ್ ಸಂಗೀತಗಾರ ಜಾಕ್ ಬೆರ್ತಿಯೆ ಈ ಪ್ರಾರ್ಥನೆಗಾಗಿ ರಾಗ ಹಾಕಿದ ಅನೇಕ ಹಾಡುಗಳು ಇಂದು ಖಂಡಗಳನ್ನು ದಾಟಿ ಹೋಗಿವೆ. ಶುಭಸಂದೇಶದ ಕೆಲವು ಸಾಲುಗಳನ್ನು ಹಲವು ಭಾಷೆಗಳಲ್ಲಿ ಓದುತ್ತಾರೆ. ಆಮೇಲೆ ಮೌನ.

ಆ ಮೌನ ಎಂಟು ಹತ್ತು ನಿಮಿಷದ್ದು. ಎರಡು ಮೂರು ಸಾವಿರ ಹರೆಯದವರು ಉಸಿರಾಡುವ ಸದ್ದಷ್ಟೇ ಉಳಿದ ಆ ಹೊತ್ತನ್ನು ವರ್ಣಿಸುವುದು ನನ್ನಿಂದಾಗದು. ಮೊಬೈಲ್ ಬಿಟ್ಟಿರಲಾರದ ಪೀಳಿಗೆ ಎಂದು ನಾವು ದೂರುವ ಮಕ್ಕಳೇ ಅವರು. ಕಣ್ಣು ಮುಚ್ಚಿ ಕೂತ ಆ ಎಳೆಯ ಮುಖಗಳ ನಡುವೆ ಕೂತಾಗ, ಯುವಜನರ ಬಗ್ಗೆ ನಾವು ಹಿರಿಯರು ಆಡುವ ಎಷ್ಟೋ ಮಾತುಗಳು ಪೊಳ್ಳೆಂದು ನನಗೆ ಸ್ಪಷ್ಟವಾಯಿತು.

ಶುಕ್ರವಾರ ರಾತ್ರಿ ಶಿಲುಬೆಯ ಚಿತ್ರವನ್ನು ನೆಲದ ಮೇಲೆ ಮಲಗಿಸುತ್ತಾರೆ. ಒಬ್ಬೊಬ್ಬರಾಗಿ ಬಂದು ಅದರ ಮರಕ್ಕೆ ಹಣೆ ಮುಟ್ಟಿಸಿ, ತಮ್ಮ ಮತ್ತು ಇತರರ ನೋವನ್ನು ಅಲ್ಲಿ ಇಳಿಸುತ್ತಾರೆ. ಶನಿವಾರ ರಾತ್ರಿ ಕೈಯಿಂದ ಕೈಗೆ ದೀಪ ದಾಟಿ ಇಡೀ ದೇವಾಲಯ ಬೆಳಕಾಗುತ್ತದೆ. ಶುಕ್ರವಾರದ ಸಾವು, ಭಾನುವಾರದ ಪುನರುತ್ಥಾನ, ಹೀಗೆ ಇಲ್ಲಿ ವಾರ ವಾರವೂ ಈಸ್ಟರ್. ರಾತ್ರಿಯ ಪ್ರಾರ್ಥನೆ ಮುಗಿದ ಮೇಲೂ ಕೆಲವು ಸೋದರರು ದೇವಾಲಯದ ಮೂಲೆಗಳಲ್ಲಿ ನಿಂತಿರುತ್ತಾರೆ. ಯಾರು ಬೇಕಾದರೂ ಹೋಗಿ ಮನಸ್ಸು ಬಿಚ್ಚಬಹುದು. ಅವರ ಮುಂದೆ ಉದ್ದದ ಸಾಲುಗಳು. ಬುದ್ಧಿ ಹೇಳುವ ಆತುರವಿಲ್ಲದೆ, ಗಡಿಯಾರ ನೋಡದೆ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಸಿಕ್ಕರೆ ಎಷ್ಟು ಜನ ಕಾದು ನಿಲ್ಲುತ್ತಾರೆಂಬುದನ್ನು ನಾನು ಅಲ್ಲಿ ಕಂಡೆ.

ಕೊಂದವಳಿಗೂ ಪ್ರಾರ್ಥನೆ

ಹಳ್ಳಿಯ ನಡುವೆ ಪುಟ್ಟದೊಂದು ಹಳೆಯ ರೊಮನೆಸ್ಕ್ ದೇವಾಲಯವಿದೆ. ಅದರ ಅಂಗಳದಲ್ಲಿ ಊರಿನವರ ಸಮಾಧಿಗಳ ಪಕ್ಕದಲ್ಲೇ ಸೋದರರ ಸಮಾಧಿಗಳು. ಬ್ರದರ್ ರೋಜೆಯವರದ್ದೂ ಅಲ್ಲೇ, ಒಂದು ಮರದ ಶಿಲುಬೆ, ಅದರ ಮೇಲೆ ಹೆಸರು. ಲೋಕವಿಖ್ಯಾತರಾದ ಒಬ್ಬರ ಸಮಾಧಿ ಇದೆಂದು ಹೇಳುವ ಯಾವ ಆಡಂಬರವೂ ಇಲ್ಲ.

2005ರ ಆಗಸ್ಟ್ 16ರ ಸಂಜೆ, ಸುಮಾರು ಎರಡೂವರೆ ಸಾವಿರ ಜನರ ನಡುವೆ ಪ್ರಾರ್ಥನೆ ನಡೆದಿದ್ದಾಗ, ಮನೋರೋಗದಿಂದ ಬಳಲುತ್ತಿದ್ದ ಹೆಂಗಸೊಬ್ಬಳು ತೊಂಬತ್ತು ವರ್ಷದ ರೋಜೆಯವರನ್ನು ಚಾಕುವಿನಿಂದ ಇರಿದಳು. ಆಗ ಎಲ್ಲ ಕಡೆ ಬಾಗಿಲು ಮುಚ್ಚಿ, ಕಾವಲು ಹಾಕಿ, ಬರುವವರನ್ನು ಸಂಶಯದಿಂದ ನೋಡುವ ಕಾಲ ಶುರುವಾಗಬಹುದಿತ್ತು. ಹಾಗಾಗಲಿಲ್ಲ. ಅಂತ್ಯಸಂಸ್ಕಾರದ ದಿನ, ಹೊಸದಾಗಿ ಹೊಣೆ ಹೊತ್ತ ಬ್ರದರ್ ಅಲೋಯಿಸ್ ಆ ಹೆಂಗಸಿನ ಹೆಸರೆತ್ತಿ ದೇವರ ಕ್ಷಮೆಗೆ ಅವಳನ್ನು ಒಪ್ಪಿಸಿ ಪ್ರಾರ್ಥಿಸಿದರು. ಪ್ರೊಟೆಸ್ಟೆಂಟ್ ಪಾಸ್ಟರರ ಮಗನ ಆ ಸಂಸ್ಕಾರದ ಬಲಿಪೂಜೆಯನ್ನು ನಡೆಸಿದವರು ಕಥೋಲಿಕ ಕಾರ್ಡಿನಲ್ ವಾಲ್ಟರ್ ಕ್ಯಾಸ್ಪರ್. ಯುದ್ಧ ಕೈದಿಗಳನ್ನು ಊಟಕ್ಕೆ ಕರೆದ ಮನೆಯವರು ಅರವತ್ತು ವರ್ಷ ಕಳೆದ ಮೇಲೂ ಅದೇ ಮನೆಯವರಾಗಿಯೇ ಉಳಿದಿದ್ದರು. ಬಾಗಿಲು ಇಂದಿಗೂ ತೆರೆದೇ ಇದೆ. 2015ರಲ್ಲಿ ಉತ್ತರ ಫ್ರಾನ್ಸಿನ ಕ್ಯಾಲೆ ಪಟ್ಟಣದ ನಿರಾಶ್ರಿತರ ಬಿಡಾರದಿಂದ ಬಂದ ಸುಡಾನಿನ, ಅಫ್ಘಾನಿಸ್ತಾನದ ತರುಣರಿಗೆ ಇಲ್ಲಿ ನೆಲೆ ಸಿಕ್ಕಿತು. ಅವರು ಮುಸ್ಲಿಮರು. 1940ರಲ್ಲಿ ಯೆಹೂದ್ಯರ ಧರ್ಮ ಕೇಳದಿದ್ದ ಮನೆ ಇವರದನ್ನೂ ಕೇಳಲಿಲ್ಲ.

ನಮ್ಮ ದೇಶದ ಎಳೆಯೊಂದೂ ಈ ಗುಡ್ಡದಲ್ಲಿ ನೇಯ್ದುಕೊಂಡಿದೆ. 1976ರಲ್ಲಿ ರೋಜೆ ಕೋಲ್ಕತ್ತದ ಬಡವರ ಕೇರಿಯಲ್ಲಿ ಕೆಲವು ವಾರ ಬಾಳಿ, ಮದರ್ ತೆರೇಸಾರ ಜತೆಗೂಡಿ ಅನಾಥ ಶಿಶುಗಳ ಮತ್ತು ಸಾವಿನಂಚಿನ ರೋಗಿಗಳ ಸೇವೆಯಲ್ಲಿ ಪಾಲ್ಗೊಂಡರು. ಬದುಕುವುದೇ ಅನುಮಾನವಾಗಿದ್ದ ಒಂದು ಹೆಣ್ಣು ಹಸುಗೂಸನ್ನು ಮದರ್ ಅವರ ಕೈಗಿಟ್ಟರು. ಆ ಮಗು ತೇಜೆಗೆ ಬಂತು. ಯುದ್ಧದ ಅನಾಥರನ್ನು ಸಾಕಿದ ಅದೇ ಜೆನೆವಿಯೆವ್ ಮುಪ್ಪಿನಲ್ಲಿ ಮತ್ತೊಮ್ಮೆ ತಾಯಿಯಾಗಿ ಅದನ್ನು ಬೆಳೆಸಿದರು. 1985ರ ಕೊನೆಯಲ್ಲಿ ಆಗಿನ ಮದರಾಸಿನಲ್ಲಿ ತೇಜೆಯ ದೊಡ್ಡ ಯುವ ಸಮ್ಮೇಳನ ನಡೆಯಿತು. ನೆರೆಯ ಬಾಂಗ್ಲಾದೇಶದ ಮೈಮೆನ್‌ಸಿಂಗ್‌ನಲ್ಲಿ ಸೋದರರ ಚಿಕ್ಕ ಗುಂಪೊಂದು ದಶಕಗಳಿಂದ ಬಡವರ, ಅಂಗವಿಕಲರ ನಡುವೆ ಬಾಳುತ್ತಿದೆ.

ಹೊತ್ತು ತಂದ ಭರವಸೆ

ಭಾನುವಾರ ಗುಡ್ಡದ ಕೆಳಗೆ ಬಸ್ಸುಗಳು ಸಾಲು ನಿಲ್ಲುತ್ತವೆ. ವಾರದ ಹಿಂದೆ ಪರಸ್ಪರ ಗುರುತೇ ಇಲ್ಲದವರು ಅಪ್ಪಿಕೊಂಡು ಅಳುತ್ತಾರೆ, ಹಾಡುತ್ತಾ ಬಸ್ಸು ಹತ್ತುತ್ತಾರೆ. ಅದೇ ಸಂಜೆ ಹೊಸಬರ ಬಸ್ಸುಗಳು. ತೇಜೆ ಸಂಘಟನೆಯೊಂದನ್ನು ಕಟ್ಟಿ ಇವರನ್ನು ಸದಸ್ಯರಾಗಿಸಿಕೊಳ್ಳುವುದಿಲ್ಲ. ನಿಮ್ಮ ನಿಮ್ಮ ಊರಿಗೆ, ನಿಮ್ಮ ನಿಮ್ಮ ಸಭೆಗೆ ಮರಳಿ ಹೋಗಿ ಅಲ್ಲಿಯವರ ಜತೆ ಬಾಳಿರೆಂದು ಕಳಿಸುತ್ತದೆ. ತನಗಾಗಿ ಏನನ್ನೂ ಕೂಡಿಡದ ಈ ಔದಾರ್ಯವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿತು.

ಅಲ್ಲಿ ನಾನು ಕಂಡ ಸಂತೋಷದ ಮೂಲ ಯಾವುದೆಂದು ಹೇಳಬಲ್ಲೆ. ಸುಖವಾದ ಹಾಸಿಗೆಯಿಂದ ಅದು ಬಂದದ್ದಲ್ಲ, ರುಚಿಯಾದ ಊಟದಿಂದಲೂ ಅಲ್ಲ. ಬಂದವರ ಕೈಗೆ ಆ ಮನೆ ಮೊದಲ ಗಂಟೆಯಲ್ಲೇ ಒಂದು ಕೆಲಸ ಕೊಡುತ್ತದೆ. ನಿನ್ನಿಂದ ಬೇರೊಬ್ಬರಿಗೆ ಉಪಯೋಗವಿದೆ, ನೀನಿಲ್ಲದಿದ್ದರೆ ಇಲ್ಲೊಂದು ಕೊರತೆಯಾಗುತ್ತದೆ ಎಂದು ಆ ಮನೆ ಹೇಳುವ ಬಗೆ ಇದು. ತನ್ನನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬ ನೆಮ್ಮದಿ, ತಾನೂ ಯಾರನ್ನೋ ನೋಡಿಕೊಳ್ಳುತ್ತಿದ್ದೇನೆ ಎಂಬ ಘನತೆ, ಇವೆರಡೂ ಕೂಡಿದಲ್ಲಿ ಭರವಸೆ ತಾನಾಗಿ ಹುಟ್ಟುತ್ತದೆ. ನಿಮ್ಮ ಹೊರೆಗಳನ್ನು ಒಬ್ಬರಿಗೊಬ್ಬರು ಹೊತ್ತುಕೊಳ್ಳಬೇಕೆಂದು ಸಂತ ಪೌಲರು ಗಲಾತ್ಯದ ಕ್ರೈಸ್ತರಿಗೆ ಬರೆದ ಮಾತಿಗೆ ನಾನು ಕಂಡ ಅತ್ಯುತ್ತಮ ವ್ಯಾಖ್ಯಾನ ತೇಜೆ.

ಯುರೋಪಿನ ಪ್ರವಾಸಕ್ಕೆ ಹೊರಡುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ನೀವು ಕ್ರೈಸ್ತರಾಗಿರಲಿ, ಇಲ್ಲದಿರಲಿ, ಪ್ಯಾರಿಸ್ಸಿನಿಂದ ಅರ್ಧ ದಿನದ ದಾರಿಯ ಈ ಗುಡ್ಡಕ್ಕೆ ಕೆಲವು ದಿನ ಮೀಸಲಿಡಿ. ಮಕ್ಕಳು ಹರೆಯದವರಾಗಿದ್ದರೆ ಖಂಡಿತ ಕರೆದುಕೊಂಡು ಹೋಗಿ. ಹೋಗಲಾಗದವರು ಮರುಗಬೇಕಿಲ್ಲ. ನಮ್ಮ ಬೀದಿಯಲ್ಲೂ ಮಕ್ಕಳು ದೂರದೇಶ ಸೇರಿ ಒಂಟಿಯಾದ ಹಿರಿಯರಿದ್ದಾರೆ, ಪರೀಕ್ಷೆಯಲ್ಲಿ ಸೋತು ಕೋಣೆಯೊಳಗೆ ಕೂತ ಹುಡುಗರಿದ್ದಾರೆ. ಈ ಭಾನುವಾರ ಅಂಥ ಒಬ್ಬರನ್ನು ಮನೆಗೆ ಊಟಕ್ಕೆ ಕರೆಯಿರಿ, ಊಟವಾದ ಮೇಲೆ ಪಾತ್ರೆ ತೊಳೆಯಲು ಅವರನ್ನೂ ಜತೆಗೆ ಸೇರಿಸಿಕೊಳ್ಳಿ.